ಹತ್ತು ನಿಮಿಷದ ಜಲ್ಲಿ, ಹದಿಮೂರು ವರ್ಷದ ಅಗೆತ

ಮರಳು, ಜಲ್ಲಿ, ಒಡೆದ ಕಲ್ಲು. ಈ ಮೂರನ್ನೂ ಕೂಡಿಸಿದರೆ ಭೂಮಿಯ ಮೇಲಿನ ಜನ ಒಂದು ವರ್ಷಕ್ಕೆ ಎಷ್ಟು ಬಳಸುತ್ತಾರೆ? ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮ 2022ರಲ್ಲಿ ಕೊಟ್ಟ ಅಂದಾಜು 5,000 ಕೋಟಿ ಟನ್. ಸೊನ್ನೆಗಳನ್ನು ಓದಿ ಮುಗಿಸುವಷ್ಟರಲ್ಲಿ ಓದುಗನಿಗೆ ತೂಕದ ಅಂದಾಜು ತಪ್ಪಿಹೋಗುತ್ತದೆ ಎಂದು ಅವರಿಗೂ ಅನಿಸಿತೇನೋ, ಅಷ್ಟನ್ನೂ ಗೋಡೆಯಾಗಿ ಕಟ್ಟಿ ತೋರಿಸಿದರು. 27 ಮೀಟರ್ ಅಗಲ, 27 ಮೀಟರ್ ಎತ್ತರ, ಭೂಮಧ್ಯರೇಖೆಯುದ್ದಕ್ಕೂ ಭೂಮಿಯನ್ನು ಒಂದು ಸುತ್ತು ಬರುವ ಗೋಡೆ. ಎಂಟೊಂಬತ್ತು ಅಂತಸ್ತಿನ ಕಟ್ಟಡದಷ್ಟು ಎತ್ತರ, 40,000 ಕಿಲೋಮೀಟರ್ ಉದ್ದ. ಅದೂ ವರ್ಷಕ್ಕೊಂದು.

ತಲೆಗೆ ಹಂಚಿದರೆ ದಿನಕ್ಕೆ 17 ಕಿಲೋ ಬರುತ್ತದೆ. ತೊಟ್ಟಿಲ ಕೂಸಿನಿಂದ ಹಿಡಿದು ಹಾಸಿಗೆ ಹಿಡಿದ ಮುದುಕರವರೆಗೆ ಒಬ್ಬೊಬ್ಬರ ಪಾಲೂ ಅಷ್ಟೇ. ನಾವು ದಿನಕ್ಕೆ ಉಣ್ಣುವ ಅನ್ನದ ಅಕ್ಕಿ ಅರ್ಧ ಕಿಲೋ ದಾಟುವುದು ಕಷ್ಟ; ಕಲ್ಲು ಮಾತ್ರ ಅದರ ಮೂವತ್ತು ಪಟ್ಟಿಗೂ ಹೆಚ್ಚು. ಇನ್ನೂ ಸಣ್ಣ ಅಳತೆಗೆ ಇಳಿಸಿದರೆ ನಿಮಿಷಕ್ಕೆ 95,000 ಟನ್. ಈ ಕೊನೆಯ ಸಂಖ್ಯೆಯನ್ನು ಓದುಗರು ನೆನಪಿನಲ್ಲಿ ಇಟ್ಟುಕೊಳ್ಳಬೇಕು. ಮುಂದೆ ಬೇಕಾಗುತ್ತದೆ.

ಇಷ್ಟೊಂದು ಕಲ್ಲು ಎಲ್ಲಿಂದ ಬರುತ್ತದೆ? ಬೆಟ್ಟ ಒಡೆದು ತೆಗೆಯುವುದು ಒಂದು ದಾರಿ. ಇಂಗ್ಲೆಂಡಿನಂಥ ದೇಶದಲ್ಲಿ ಅದಕ್ಕಿಂತ ಸುಲಭದ ದಾರಿ ನದಿಬಯಲು. ಹಿಮಯುಗಗಳ ಕಾಲದಲ್ಲಿ ಥೇಮ್ಸ್, ಟ್ರೆಂಟ್, ಊಸ್ ಮೊದಲಾದ ನದಿಗಳು ನೂರಾರು ಕವಲಾಗಿ ಹರಿದು, ಹೊತ್ತು ತಂದ ಗುಂಡುಕಲ್ಲು ಮತ್ತು ಗರಸನ್ನು ಬಯಲ ತುಂಬ ಹಾಸಿ ಹೋದವು. ಆಮೇಲೆ ನದಿ ತನ್ನ ಪಾತ್ರವನ್ನು ಇನ್ನಷ್ಟು ಆಳಕ್ಕೆ ಕೊರೆದುಕೊಂಡಾಗ ಹಳೆಯ ಹಾಸು ಮೇಲೆ ದಂಡೆಯಾಗಿ ಉಳಿಯಿತು. ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಜಲ್ಲಿಯ ದಂಡೆಗಳು. ಸಾಮಾನ್ಯವಾಗಿ ಮೇಲಿದ್ದಷ್ಟೂ ಹಳೆಯವು. ಗಟ್ಟಿ ಬಂಡೆಯನ್ನು ಸಿಡಿಸುವ ಖರ್ಚಿಲ್ಲ, ತೊಳೆದು ಜರಡಿ ಹಿಡಿದರೆ ಸಾಕು, ನೇರ ಕಾಂಕ್ರೀಟಿಗೆ.

ತೊಂದರೆ ಏನೆಂದರೆ ಅದೇ ದಂಡೆಗಳ ಮೇಲೆ ಕಾಂಕ್ರೀಟ್ ಕಂಪನಿಗಿಂತ ಮೊದಲು ಕಣ್ಣು ಹಾಕಿದವರು ಇದ್ದರು. ಸಮತಟ್ಟು ನೆಲ, ಮಳೆ ಬಿದ್ದರೂ ಕೆಸರಾಗದ ಮಣ್ಣು, ಕೈಯಳತೆಯಲ್ಲಿ ನೀರು, ಸುಲಭವಾಗಿ ಉಳಬಹುದಾದ ಹೊಲ. ಮನೆ ಕಟ್ಟಲು ಇದಕ್ಕಿಂತ ಒಳ್ಳೆಯ ಜಾಗ ಹುಡುಕುವ ರೈತ ಯಾವ ಕಾಲದಲ್ಲೂ ಇರಲಾರ. ಅವನಿಗಿಂತ ಹಿಂದಿನ ಬೇಟೆಗಾರನಿಗೆ ಆ ಜಲ್ಲಿಯೇ ಆಯುಧದ ಅಂಗಡಿ. ಚಕ್ಕೆ ಎಬ್ಬಿಸಿದರೆ ಕ್ಷೌರದ ಕತ್ತಿಯಷ್ಟು ಹರಿತವಾಗುವ ಫ್ಲಿಂಟ್ ಕಲ್ಲು ಅಲ್ಲಿ ಕಾಲಿಗೆ ತೊಡರುತ್ತಿತ್ತು. ಹಾಗಾಗಿ ಜಲ್ಲಿ ತೆಗೆಯಲು ಗುಂಡಿ ತೋಡಿದಲ್ಲೆಲ್ಲ ಮನುಷ್ಯನ ಹಳೆಯ ಗುರುತು ಎದ್ದು ಬರುವುದು ಆಕಸ್ಮಿಕವೇನಲ್ಲ.

1797ರಲ್ಲಿ ಸಫೋಕ್ ಸೀಮೆಯ ಹಾಕ್ಸ್ನ್ ಎಂಬ ಊರಲ್ಲಿ ಇಟ್ಟಿಗೆಗೆ ಮಣ್ಣು ತೆಗೆಯುವ ಗುಂಡಿಯೊಂದಿತ್ತು. ಹನ್ನೆರಡು ಅಡಿ ಆಳದಲ್ಲಿ, ಗರಸಿನ ಪದರದಲ್ಲಿ, ಎರಡೂ ಮೈ ಕೆತ್ತಿದ ಚೂಪುಕಲ್ಲುಗಳು ಸಿಗುತ್ತಿದ್ದವು. ಜಾನ್ ಫ್ರೀರ್ ಎಂಬ ಜಮೀನುದಾರ ಅವನ್ನು ನೋಡಿ, ಇವು ಲೋಹ ಗೊತ್ತಿಲ್ಲದ ಜನರ ಆಯುಧಗಳು, ನಾವು ತಿಳಿದಿರುವ ಕಾಲಕ್ಕಿಂತ ಎಷ್ಟೋ ಹಿಂದಿನವು ಎಂದು ಲಂಡನ್ನಿನ ಪ್ರಾಚ್ಯವಸ್ತು ಸಂಘಕ್ಕೆ ಪತ್ರ ಬರೆದ. ಪತ್ರದಲ್ಲಿ ಒಂದು ಸಣ್ಣ ಮಾತಿದೆ. ಇವು ಕುತೂಹಲದ ವಸ್ತುಗಳೆಂದು ತಿಳಿಯುವ ಮುಂಚೆ ಅಲ್ಲಿ ಕೆಲಸ ಮಾಡಿಸುತ್ತಿದ್ದವನು ಬುಟ್ಟಿ ಬುಟ್ಟಿ ಕೊಡಲಿಗಳನ್ನು ಪಕ್ಕದ ರಸ್ತೆಯ ಗಾಡಿಜಾಡಿಗೆ ಸುರಿದುಬಿಟ್ಟಿದ್ದನಂತೆ. ಸುಮಾರು ನಾಲ್ಕು ಲಕ್ಷ ವರ್ಷ ಹಳೆಯ ಕೈಗೊಡಲಿಗಳು ರಸ್ತೆಯ ಗುಂಡಿ ಮುಚ್ಚಲು! ಇಂದಿನವರೆಗೂ ಇಡೀ ವಿಷಯದ ಕಥೆ ಆ ಒಂದು ವಾಕ್ಯದೊಳಗೇ ಇದೆ. ಬುಟ್ಟಿಯ ಜಾಗಕ್ಕೆ ಟಿಪ್ಪರ್ ಬಂದಿದೆ, ಅಷ್ಟೆ.

ಫ್ರೀರನ ಮಾತನ್ನು ಅರವತ್ತು ವರ್ಷ ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. 1859ರ ಏಪ್ರಿಲ್ 27ರಂದು ಫ್ರಾನ್ಸಿನ ಅಮಿಯಾಂ ಪಟ್ಟಣದ ಸೇಂಟ್ ಅಶೂಲ್ ಜಲ್ಲಿಗುಂಡಿಯಲ್ಲಿ ಭೂವಿಜ್ಞಾನಿ ಜೋಸೆಫ್ ಪ್ರೆಸ್ಟ್‌ವಿಚ್ ಮತ್ತು ಜಾನ್ ಇವಾನ್ಸ್ ಗೋಡೆಯಲ್ಲಿ ಹುದುಗಿದ್ದ ಒಂದು ಕೈಗೊಡಲಿಯ ಛಾಯಾಚಿತ್ರವನ್ನು, ಅದನ್ನು ಕೀಳುವ ಮೊದಲು, ತೆಗೆಸಿದರು. ನೆಲದಿಂದ 17 ಅಡಿ ಕೆಳಗೆ, ಕದಡದ ಪದರದಲ್ಲಿ. ಮನುಷ್ಯನ ವಯಸ್ಸು ಆರು ಸಾವಿರ ವರ್ಷ ಎಂಬ ನಂಬಿಕೆ ಮುರಿದುಬಿದ್ದ ದಿನಗಳಲ್ಲಿ ಅದೂ ಒಂದು. ಅದಾಗಿ ನಾಲ್ಕೇ ವರ್ಷಕ್ಕೆ, 1863ರ ಮೇ 30ರಂದು, ಮದರಾಸಿನ ಹತ್ತಿರ ಪಲ್ಲಾವರಂನ ಪರೇಡ್ ಮೈದಾನದಲ್ಲಿ ಗರಸು ತೆಗೆದ ಗುಂಡಿಯೊಂದರಲ್ಲಿ ರಾಬರ್ಟ್ ಬ್ರೂಸ್ ಫೂಟ್‌ಗೆ ಭಾರತದ ಮೊದಲ ಹಳೆ ಶಿಲಾಯುಗದ ಆಯುಧ ಕೈಗೆ ಬಂತು. ಬಳ್ಳಾರಿಯ ಬೂದಿದಿಬ್ಬಗಳನ್ನೂ ಸಂಗನಕಲ್ಲನ್ನೂ ಅಧ್ಯಯನ ಮಾಡಿದ ಫೂಟ್ ಇವನೇ. ನಮ್ಮ ದೇಶದ ಶಿಲಾಯುಗದ ಅಧ್ಯಯನ ಹುಟ್ಟಿದ್ದೂ ಜಲ್ಲಿಗುಂಡಿಯಲ್ಲಿಯೇ ಎಂದರೆ ತಪ್ಪಾಗಲಾರದು.

ಇನ್ನು ಕೆಂಟ್ ಸೀಮೆಯ ಸ್ವಾನ್ಸ್‌ಕೂಂಬ್. ಅಲ್ಲಿನ ಬಾರ್ನ್‌ಫೀಲ್ಡ್ ಜಲ್ಲಿಗುಂಡಿಗೆ ಬಿಡುವು ಸಿಕ್ಕಾಗಲೆಲ್ಲ ಹೋಗುತ್ತಿದ್ದ ಆಲ್ವನ್ ಮಾರ್ಸ್ಟನ್ ವೃತ್ತಿಯಲ್ಲಿ ಹಲ್ಲಿನ ಡಾಕ್ಟರು. 1935ರಲ್ಲಿ ಅವನಿಗೆ ತಲೆಬುರುಡೆಯ ಹಿಂಬದಿಯ ಮೂಳೆ ಸಿಕ್ಕಿತು. 1936ರಲ್ಲಿ ಎಡಬದಿಯ ಮೂಳೆ. ಎರಡೂ ಅಂಚಿಗೆ ಅಂಚು ಕೂಡಿಕೊಂಡವು. ನಡುವೆ ಒಂದು ಮಹಾಯುದ್ಧ ಬಂದು ಹೋಯಿತು, ಗುಂಡಿಯಿಂದ ಜಲ್ಲಿ ಹೋಗುತ್ತಲೇ ಇತ್ತು. 1955ರಲ್ಲಿ ಜಾನ್ ವೈಮರ್ ತಂಡಕ್ಕೆ ಬಲಬದಿಯ ಮೂಳೆ ಸಿಕ್ಕಿತು. ಅದೂ ಅದೇ ಬುರುಡೆಯದು. ನಾಲ್ಕು ಲಕ್ಷ ವರ್ಷ ಹಿಂದಿನ ಒಬ್ಬಳ ತಲೆಯ ಮೂರು ಚೂರು ಒಂದನ್ನೊಂದು ಸೇರಲು ಇಪ್ಪತ್ತು ವರ್ಷ. ಮುಖದ ಭಾಗ ಇಂದಿಗೂ ಸಿಕ್ಕಿಲ್ಲ. ಆ ಇಪ್ಪತ್ತು ವರ್ಷದಲ್ಲಿ ಗುಂಡಿಯಿಂದ ಹೊರಟ ಲೋಡುಗಳನ್ನು ನೆನೆದರೆ, ಮೂರನೆಯದು ಸಿಕ್ಕಿದ್ದೇ ಪವಾಡ.

ಹಳತನದ ಆಳ ಅರಿವಿಗೆ ಬರಬೇಕಾದರೆ ಬಾಕ್ಸ್‌ಗ್ರೋವ್‌ಗೆ ಹೋಗಬೇಕು. ಇಂಗ್ಲೆಂಡಿನ ದಕ್ಷಿಣಕ್ಕೆ, ಪಶ್ಚಿಮ ಸಸೆಕ್ಸ್‌ನಲ್ಲಿ, ಈರ್ಥಂ ಎಂಬ ಮರಳು ಮತ್ತು ಜಲ್ಲಿಯ ಕ್ವಾರಿ. ಇವತ್ತಿನ ಸಮುದ್ರಮಟ್ಟಕ್ಕಿಂತ ಸುಮಾರು 40 ಮೀಟರ್ ಎತ್ತರದಲ್ಲಿರುವ ಆ ಜಾಗ ಒಂದು ಕಾಲಕ್ಕೆ ಕಡಲದಂಡೆ. ಹಿಂದೆ ಸುಣ್ಣಕಲ್ಲಿನ ಕಡಿದಾದ ಗೋಡೆ, ಮುಂದೆ ಹಿನ್ನೀರಿನ ಕೆಸರುಬಯಲು. ಐದು ಲಕ್ಷ ವರ್ಷ ಹಿಂದೆ ಆ ಬಯಲಲ್ಲಿ ಕುದುರೆ, ಜಿಂಕೆ, ಘೇಂಡಾಮೃಗ ಮೇಯುತ್ತಿದ್ದವು.

ಐದು ಲಕ್ಷ ವರ್ಷ ಎಂದರೆ ಎಷ್ಟು? ಮಸ್ಕಿಯ ಬಂಡೆಯ ಮೇಲೆ ಅಶೋಕನ ಹೆಸರು ಕೆತ್ತಿದ ಕಲ್ಲುಕುಟಿಗನಿಂದ ನಮ್ಮವರೆಗೆ, ತಲೆಮಾರಿಗೆ 25 ವರ್ಷ ಹಿಡಿದರೆ, ತೊಂಬತ್ತು ತಲೆಮಾರು. (ಆ ಶಾಸನವನ್ನು 1915ರಲ್ಲಿ ಕಂಡವನೂ ಚಿನ್ನದ ಗಣಿಗೆ ನೆಲ ಹುಡುಕುತ್ತಿದ್ದ ಎಂಜಿನಿಯರ್.) ಬಾಕ್ಸ್‌ಗ್ರೋವ್‌ನ ಬೇಟೆಗಾರನಿಂದ ನಮ್ಮವರೆಗೆ ಇಪ್ಪತ್ತು ಸಾವಿರ ತಲೆಮಾರು. ಅವನು ನಮ್ಮ ಜಾತಿಯ ಮನುಷ್ಯನೂ ಅಲ್ಲ; ಹೋಮೋ ಸೇಪಿಯನ್ಸ್ ಇನ್ನೂ ಹುಟ್ಟಿರಲಿಲ್ಲ.

ಅಷ್ಟು ಹಳೆಯ ಕಾಲದಿಂದ ಸಾಮಾನ್ಯವಾಗಿ ಉಳಿಯುವುದು ನದಿ ಉರುಳಿಸಿ ಸವೆಸಿದ ನಾಲ್ಕು ಕಲ್ಲು. ಬಾಕ್ಸ್‌ಗ್ರೋವ್‌ನಲ್ಲಿ ಹಾಗಾಗಲಿಲ್ಲ. ಅಲೆ ಮೆಲ್ಲಗೆ ತಂದು ಹಾಸಿದ ನಯವಾದ ಹೂಳು ಎಲ್ಲವನ್ನೂ ಬಿದ್ದ ಜಾಗದಲ್ಲೇ ಮುಚ್ಚಿತು. ಮಾರ್ಕ್ ರಾಬರ್ಟ್ಸ್ ನೇತೃತ್ವದಲ್ಲಿ 1980ರ ದಶಕದ ಆರಂಭದಿಂದ 1996ರವರೆಗೆ ಅಲ್ಲಿ ಅಗೆತ ನಡೆಯಿತು. ಒಂದು ಕುದುರೆಯನ್ನು ಕೊಂದು ಕೊಯ್ದ ಜಾಗ ಇಡಿಯಾಗಿ ಸಿಕ್ಕಿತು. ಸುತ್ತ ಎಂಟು ಗುಂಪಾಗಿ ಬಿದ್ದ ಕಲ್ಲಿನ ಚಕ್ಕೆಗಳು, ಒಟ್ಟು ಎರಡು ಸಾವಿರಕ್ಕೂ ಹೆಚ್ಚು. ಕುದುರೆಯ ಪಕ್ಕದಲ್ಲಿ ಎಂಟು ಕಡೆ ಕುಳಿತು ಆಯುಧ ಮಾಡಿಕೊಂಡಿದ್ದರು. ಸಂಶೋಧಕರು ಆ ಚಕ್ಕೆಗಳನ್ನು ಒಂದಕ್ಕೊಂದು ಕೂಡಿಸುತ್ತ ಹೋದರು. ಮೂಲ ಕಲ್ಲು ಮತ್ತೆ ಆಕಾರ ಪಡೆಯಿತು. ಯಾವ ಏಟು ಮೊದಲು, ಯಾವುದು ಆಮೇಲೆ ಎಂಬುದೂ ಗೊತ್ತಾಯಿತು. ಅರ್ಧ ಗಂಟೆಯೂ ಹಿಡಿಯದ ಒಂದು ಕೆಲಸ ಐದು ಲಕ್ಷ ವರ್ಷ ಕೆಡದೆ ಉಳಿದಿತ್ತು. ಆ ಮನುಷ್ಯನ ಆಯುಷ್ಯವೇ ನಮಗೆ ಗೊತ್ತಿಲ್ಲ, ಅವನ ಒಂದು ಮಧ್ಯಾಹ್ನ ಗೊತ್ತು.

1993ರ ಡಿಸೆಂಬರಿನಲ್ಲಿ ಮನುಷ್ಯನೇ ಸಿಕ್ಕ. ಪೂರ್ತಿಯಾಗಿ ಅಲ್ಲ, ಮೊಣಕಾಲಿನ ಕೆಳಗಿನ ಒಂದು ಮೂಳೆ. ಎರಡೂ ತುದಿಯನ್ನು ಯಾವುದೋ ಪ್ರಾಣಿ ಕಡಿದಿತ್ತು. ಆರಡಿ ಆಸುಪಾಸಿನ ಎತ್ತರ, ದಪ್ಪ ಮೈಕಟ್ಟು ಎಂದು ಆ ಒಂದು ಮೂಳೆ ಹೇಳಿತು. ಎರಡು ವರ್ಷದ ಮೇಲೆ ಎರಡು ಹಲ್ಲು. ಬ್ರಿಟನ್ನಿನಲ್ಲಿ ದೊರೆತ ಅತಿ ಹಳೆಯ ಮಾನವ ಮೂಳೆಗಳು ಇವೇ. ಒಂದು ಕಾಲಮೂಳೆ, ಎರಡು ಹಲ್ಲು: ಇಷ್ಟನ್ನು ಮುಷ್ಟಿಯಲ್ಲಿ ಹಿಡಿಯಬಹುದು. ಅದರ ಸುತ್ತಲಿನ ಕ್ವಾರಿಯಿಂದ ಹೋದದ್ದು ಲಕ್ಷಾಂತರ ಟನ್. ಕೊನೆಗೆ ಸರ್ಕಾರದ ಪರಂಪರೆ ಸಂಸ್ಥೆ ಇಂಗ್ಲಿಷ್ ಹೆರಿಟೇಜ್ 2003ರಲ್ಲಿ ಆ ಜಾಗವನ್ನು ಕೊಂಡುಕೊಂಡಿತು.

ಈಗ ಆಳದಿಂದ ಅಗಲಕ್ಕೆ ಬರೋಣ. ಎಸೆಕ್ಸ್ ಸೀಮೆಯ ಮಕಿಂಗ್ ಎಂಬ ಹಳ್ಳಿ ಥೇಮ್ಸ್ ನದಿಯ ಜಲ್ಲಿದಂಡೆಯ ಮೇಲಿದೆ. 1959ರ ಬೇಸಿಗೆಯಲ್ಲಿ ಕೇಂಬ್ರಿಜ್‌ನ ಜೆ.ಕೆ. ಸೇಂಟ್ ಜೋಸೆಫ್ ವಿಮಾನದಿಂದ ಆ ಹೊಲಗಳ ಚಿತ್ರ ತೆಗೆದರು. ಪೈರಿನ ನಡುವೆ ಉಂಗುರ, ಚೌಕ, ಗೆರೆಗಳು ಕಂಡವು. ಇದರ ಗುಟ್ಟು ನಮ್ಮ ರೈತರಿಗೆ ಹೇಳಿಕೊಡಬೇಕಿಲ್ಲ. ಗರಸಿನ ನೆಲದಲ್ಲಿ ನೀರು ನಿಲ್ಲುವುದಿಲ್ಲ, ಮಳೆ ಕೈಕೊಟ್ಟ ವರ್ಷ ಪೈರು ಬೇಗ ಹಳದಿಯಾಗುತ್ತದೆ. ಸಾವಿರಾರು ವರ್ಷ ಹಿಂದೆ ಯಾರೋ ತೋಡಿದ್ದ ಕಾಲುವೆ, ಕಂದಕ, ಕಂಬದ ಕುಳಿಗಳಲ್ಲಿ ನಯ ಮಣ್ಣು ತುಂಬಿಕೊಂಡಿರುತ್ತದೆ, ಅಲ್ಲಿ ತೇವ ನಿಲ್ಲುತ್ತದೆ, ಪೈರು ಹಸಿರಾಗಿ ಉಳಿಯುತ್ತದೆ. ನೆಲದ ಮೇಲೆ ನಿಂತವನಿಗೆ ಏನೂ ಕಾಣದು. ಆಕಾಶದಿಂದ ನೋಡಿದರೆ ಮಣ್ಣಿನಡಿಯ ಊರಿನ ನಕ್ಷೆ ಹಸಿರು ಶಾಯಿಯಲ್ಲಿ ಬರೆದಿಟ್ಟ ಹಾಗೆ. ಮರುವರ್ಷ, 1960ರಲ್ಲಿ, ಇಂಗ್ಲೆಂಡಿನ ನದಿದಂಡೆಗಳ ಇಂಥ ಚಿತ್ರಗಳನ್ನು ಒಟ್ಟು ಮಾಡಿದ ಸರ್ಕಾರಿ ವರದಿ ಹೊರಬಂದು, ಜಲ್ಲಿಯ ಜೊತೆ ಏನೇನು ಹೋಗುತ್ತಿದೆ ಎಂದು ಎಚ್ಚರಿಸಿತು.

ಮಕಿಂಗ್‌ನಲ್ಲಿ 1965ರಲ್ಲಿ ಮಾರ್ಗರೆಟ್ ಜೋನ್ಸ್ ಅಗೆತ ಶುರು ಮಾಡಿದಾಗ ಜಲ್ಲಿ ಕಂಪನಿಯ ಯಂತ್ರಗಳು ಆಗಲೇ ಹೊಲದ ಅಂಚಿಗೆ ಬಂದಿದ್ದವು. ಗಂಡ ಟಾಮ್ ಜೋನ್ಸ್ ಜೊತೆಗೆ, ಸಾವಿರಾರು ವಿದ್ಯಾರ್ಥಿಗಳು ಮತ್ತು ಸ್ವಯಂಸೇವಕರೊಂದಿಗೆ, ಚಳಿಗಾಲವೆನ್ನದೆ ವರ್ಷವಿಡೀ ಕೆಲಸ. ಮುಂದೆ ಅವರು, ಹಿಂದೆ ಯಂತ್ರ. 1978ರಲ್ಲಿ ನಿಲ್ಲಿಸುವಷ್ಟರಲ್ಲಿ 18 ಹೆಕ್ಟೇರ್, ಎಂದರೆ ನಲವತ್ತನಾಲ್ಕು ಎಕರೆ ಚಿಲ್ಲರೆ, ಅಗೆದು ಮುಗಿದಿತ್ತು. ನವಶಿಲಾಯುಗದಿಂದ ಮಧ್ಯಯುಗದವರೆಗೆ ಜನ ಬಿಟ್ಟುಹೋದ ಹತ್ತಾರು ಸಾವಿರ ಕುಳಿ, ಕಂದಕ, ಬಾವಿ, ಒಲೆ. ರೋಮನ್ ಕಾಲದ ಸುಮಾರು 170 ಸಮಾಧಿ. ಅದರ ನಂತರ, ನಮ್ಮಲ್ಲಿ ಕದಂಬರು ಬನವಾಸಿಯಲ್ಲಿ ಆಳುತ್ತಿದ್ದ ಹೊತ್ತಿಗೆ, ಸಮುದ್ರ ದಾಟಿ ಬಂದ ಸ್ಯಾಕ್ಸನ್ನರ ಊರು: ನೆಲ ತಗ್ಗಿಸಿ ಕಟ್ಟಿದ 203 ಗುಡಿಸಲು, ಕಂಬ ನೆಟ್ಟು ಕಟ್ಟಿದ 53 ಮನೆ, ಎರಡು ಸ್ಮಶಾನಗಳಲ್ಲಿ 800ಕ್ಕೂ ಹೆಚ್ಚು ಜನ. ಒಂದು ಹಳ್ಳಿಯ ಕೆಲವು ಮನೆಗಳನ್ನು ಅಗೆದು ಉಳಿದುದನ್ನು ಊಹಿಸುವುದೇ ರೂಢಿಯಾಗಿದ್ದ ಕಾಲದಲ್ಲಿ ಇಡೀ ಊರನ್ನೇ ತೆರೆದು ನೋಡಿದ್ದರು. ಕಂಪನಿ ಜಲ್ಲಿಗಾಗಿ ಅಷ್ಟು ನೆಲವನ್ನು ಬಯಲು ಮಾಡದೇ ಹೋಗಿದ್ದರೆ ಯಾವ ವಿಶ್ವವಿದ್ಯಾಲಯವೂ ನಲವತ್ತನಾಲ್ಕು ಎಕರೆ ಅಗೆಯಲು ಹಣ ಕೊಡುತ್ತಿರಲಿಲ್ಲ ಎಂಬುದೂ ನಿಜ. ಕೊಲ್ಲುವವನೇ ತೋರಿಸಿಕೊಡುವವನೂ ಆಗಿರುವುದು ಈ ವಿಷಯದ ಒಗಟು.

ಮಕಿಂಗ್‌ನ ಲೆಕ್ಕವನ್ನು ನಾನು ಒಂದು ಕಾಗದದ ಮೇಲೆ ಮಾಡಿ ನೋಡಿದೆ. 18 ಹೆಕ್ಟೇರನ್ನು ಹದಿಮೂರು ವರ್ಷಕ್ಕೆ ಹಂಚಿದರೆ ದಿನಕ್ಕೆ 38 ಚದರ ಮೀಟರ್ ಆಗುತ್ತದೆ. ಇಪ್ಪತ್ತು ಅಡಿಗೆ ಇಪ್ಪತ್ತು ಅಡಿ ಸೈಟಿನಷ್ಟು. ಮಳೆ, ಹಿಮ, ಭಾನುವಾರ ಎಲ್ಲ ಸೇರಿ. ಅಗೆದದ್ದನ್ನು ಬರೆದು, ಜೋಡಿಸಿ, ಅಚ್ಚು ಹಾಕಿಸುವುದು ಇನ್ನೊಂದು ಯುಗದ ಕೆಲಸ. ಸ್ಯಾಕ್ಸನ್ ಊರಿನ ಸಂಪುಟ ಬಂದದ್ದು 1993ರಲ್ಲಿ, ಸ್ಮಶಾನಗಳ ಸಂಪುಟ 2009ರಲ್ಲಿ, ಪ್ರಾಗಿತಿಹಾಸದ್ದು 2015ರಲ್ಲಿ, ರೋಮನ್ ಕಾಲದ್ದು 2016ರಲ್ಲಿ. ಅಗೆತ ನಿಂತು ಮೂವತ್ತೆಂಟು ವರ್ಷದ ಮೇಲೆ. ಮಾರ್ಗರೆಟ್ ಜೋನ್ಸ್ 2001ರಲ್ಲೇ ತೀರಿಕೊಂಡಿದ್ದರು.

ಇನ್ನು ಜಲ್ಲಿಯ ಕಡೆಯ ಲೆಕ್ಕ. ಅಷ್ಟು ನೆಲದಲ್ಲಿ ಮೂರು ಮೀಟರ್ ದಪ್ಪದ ಜಲ್ಲಿ ಇತ್ತೆಂದು ಇಟ್ಟುಕೊಳ್ಳಿ. 5,40,000 ಘನ ಮೀಟರ್. ಘನ ಮೀಟರಿಗೆ 1.8 ಟನ್ ಹಿಡಿದರೆ 9,72,000 ಟನ್. ಇಪ್ಪತ್ತು ಟನ್ನಿನ ಟಿಪ್ಪರಿನಲ್ಲಿ 48,600 ಲೋಡು. ದೊಡ್ಡದಾಗಿಯೇ ಕಾಣುತ್ತದೆ. ಈಗ ಮೊದಲು ನೆನಪಿಟ್ಟುಕೊಳ್ಳಿ ಎಂದಿದ್ದ ಸಂಖ್ಯೆಯನ್ನು ತೆಗೆಯಿರಿ: ನಿಮಿಷಕ್ಕೆ 95,000 ಟನ್. ಹದಿಮೂರು ವರ್ಷದ ಅಗೆತ, ಮೂವತ್ತೆಂಟು ವರ್ಷದ ಬರವಣಿಗೆ, ಮೂರು ಸಾವಿರ ವರ್ಷಕ್ಕೂ ಮೀರಿದ ಬಾಳುವೆ ಇದ್ದ ಆ ಬಯಲಿನ ಜಲ್ಲಿಯಷ್ಟನ್ನೂ ಇಂದಿನ ಲೋಕ ಹತ್ತು ನಿಮಿಷದಲ್ಲಿ ನುಂಗುತ್ತದೆ. ಒಂದು ಲೋಟ ಕಾಫಿ ಕಾಯಿಸಿ ಕುಡಿಯುವಷ್ಟು ಹೊತ್ತು.

ಈ ಅಂತರವನ್ನು ತುಂಬಲು ಯಾವ ದೇಶಕ್ಕೂ ಆಗದು. ಇಂಗ್ಲೆಂಡ್ ಮಾಡಿದ್ದು ಏನೆಂದರೆ ಅಗೆತಕ್ಕೂ ಲೋಡಿಗೂ ನಡುವೆ ಒಂದು ತಡೆಗಟ್ಟೆ ಕಟ್ಟಿದ್ದು. ಮಕಿಂಗ್ ಕಾಲದಲ್ಲಿ ಪುರಾತತ್ವದವರು ಯಂತ್ರದ ಮುಂದೆ ಓಡಬೇಕಿತ್ತು. ಹಣ ಸರ್ಕಾರದ್ದು, ದಯೆ ಕಂಪನಿಯದು. 1990ರ ನವೆಂಬರಿನಲ್ಲಿ ಹೊರಬಂದ ಯೋಜನಾ ಮಾರ್ಗಸೂಚಿ ಅದನ್ನು ತಲೆಕೆಳಗು ಮಾಡಿತು. ನೆಲದಡಿ ಏನಿದೆ ಎಂದು ಪರವಾನಗಿಗೆ ಮೊದಲೇ ನೋಡಬೇಕು, ಸಾಧ್ಯವಾದರೆ ಹಾಗೆಯೇ ಬಿಡಬೇಕು, ಆಗದಿದ್ದರೆ ಅಗೆದು ದಾಖಲಿಸಬೇಕು, ಖರ್ಚು ನೆಲ ಕೆಡಿಸುವವನದು. ಪುಟಗಟ್ಟಲೆ ಇದ್ದ ಆ ಮಾರ್ಗಸೂಚಿಯ ತಿರುಳು ಇಷ್ಟೇ.

ನಡೆಯುವುದು ಹೀಗೆ. ಮೊದಲು ಹಳೆಯ ನಕ್ಷೆ, ವಿಮಾನದ ಚಿತ್ರ. ಆಮೇಲೆ ಉತ್ತ ಹೊಲದಲ್ಲಿ ಸಾಲು ಹಿಡಿದು ನಡೆದು ಮಡಕೆಚೂರು, ಕಲ್ಲುಚಕ್ಕೆ ಆಯುವುದು. ಮಣ್ಣಿನ ಕಾಂತಗುಣ ಅಳೆಯುವ ಯಂತ್ರ ಹೊತ್ತು ಇನ್ನೊಮ್ಮೆ ನಡೆಯುವುದು. ಕೊನೆಗೆ ಪರೀಕ್ಷೆಯ ಕಂದಕಗಳು, ಸಾಮಾನ್ಯವಾಗಿ ನೂರಕ್ಕೆ ಎರಡರಿಂದ ಐದು ಭಾಗ ನೆಲದಲ್ಲಿ. ಕೇಳಲು ಅಲ್ಪ ಅನಿಸುತ್ತದೆ. ನೂರು ಹೆಕ್ಟೇರಿನ ಕ್ವಾರಿಯಲ್ಲಿ ನೂರಕ್ಕೆ ಮೂರು ಎಂದರೆ ಎರಡು ಮೀಟರ್ ಅಗಲದ ಕಂದಕ ಹದಿನೈದು ಕಿಲೋಮೀಟರ್ ಉದ್ದ! ಏನಾದರೂ ಕಂಡರೆ ಹಲ್ಲಿಲ್ಲದ ಬಕೆಟ್ ಹಾಕಿದ ಯಂತ್ರದಿಂದ ಮೇಲ್ಮಣ್ಣನ್ನು ತೆಳ್ಳಗೆ ಕೆರೆದು ತೆಗೆಯುತ್ತಾರೆ. ಹಲ್ಲಿನ ಬಕೆಟ್ ಹಾಕಿದರೆ ನೆಲದ ಮೈ ಗೀರಿಹೋಗಿ, ಮಣ್ಣಿನ ಬಣ್ಣದ ವ್ಯತ್ಯಾಸವಷ್ಟೇ ಆಗಿ ಉಳಿದಿರುವ ಕಂಬದ ಕುಳಿ ಕಾಣುವುದಿಲ್ಲ. ಅಲ್ಲಿಂದ ಮುಂದೆ ಕರಣೆ, ಕುಂಚ, ಪೆನ್ಸಿಲ್.

2002ರಿಂದ ಇನ್ನೊಂದು ಬದಲಾವಣೆ ಬಂತು. ತೆಗೆದ ಪ್ರತಿ ಟನ್ನಿಗೆ 1.60 ಪೌಂಡ್, ಆಗಿನ ಲೆಕ್ಕದಲ್ಲಿ ನೂರು ರೂಪಾಯಿಯ ಆಸುಪಾಸು, ತೆರಿಗೆ ಹಾಕಿ ಅದರ ಒಂದು ಪಾಲನ್ನು ಕ್ವಾರಿಯಿಂದ ಆಗುವ ಹಾನಿ ಸರಿಪಡಿಸಲು ಇಟ್ಟರು. ಆ ವರ್ಷವೇ ನಾರ್ಫೋಕ್‌ನ ಲಿನ್‌ಫರ್ಡ್ ಜಲ್ಲಿ ಕ್ವಾರಿಯಲ್ಲಿ ಹಳೆಯ ನದಿಪಾತ್ರದ ಕಪ್ಪು ಮಣ್ಣಿನಿಂದ ಮ್ಯಾಮತ್ ದಂತಗಳು ಹೊರಬಿದ್ದವು. ಆ ನಿಧಿಯ ನೆರವಿನಿಂದ ಅಗೆದಾಗ ಕನಿಷ್ಠ ಒಂಬತ್ತು ಮ್ಯಾಮತ್‌ಗಳ ಮೂಳೆ, ಜೊತೆಗೆ ನಲವತ್ತಕ್ಕೂ ಹೆಚ್ಚು ಕೈಗೊಡಲಿ. ಸುಮಾರು 60,000 ವರ್ಷ ಹಿಂದೆ ನಿಯಾಂಡರ್ತಾಲರು ಬಿಟ್ಟದ್ದು. 2011ರಲ್ಲಿ ಆ ನಿಧಿ ನಿಂತಿತು, ತೆರಿಗೆ ನಿಲ್ಲಲಿಲ್ಲ. ಸರ್ಕಾರಗಳು ಎಲ್ಲ ಕಡೆಯೂ ಒಂದೇ.

ನನ್ನನ್ನು ಹೆಚ್ಚು ಬೆರಗಾಗಿಸಿದ್ದು ಮಾತ್ರ ಜಲ್ಲಿಯದಲ್ಲ, ಇಟ್ಟಿಗೆ ಮಣ್ಣಿನ ಕ್ವಾರಿ. ಪೀಟರ್‌ಬರೋ ಹತ್ತಿರ ವಿಟಲ್ಸೀ ಎಂಬಲ್ಲಿ ಮಸ್ಟ್ ಫಾರ್ಮ್. 1999ರಲ್ಲಿ ಕ್ವಾರಿಯ ಅಂಚಿನಲ್ಲಿ ಕೊಳೆಯುತ್ತಿದ್ದ ಮರದ ಕಂಬಗಳು ಒಬ್ಬರ ಕಣ್ಣಿಗೆ ಬಿದ್ದವು. 2011ರಲ್ಲಿ ಅಲ್ಲಿನ ಹಳೆಯ ಹೊಳೆಯೊಂದರ ಪಾತ್ರದಲ್ಲಿ, ಇಡಿ ಮರ ಕೊರೆದು ಮಾಡಿದ ಒಂಬತ್ತು ದೋಣಿಗಳು ಸಿಕ್ಕವು. 2015ರಲ್ಲಿ ಕೇಂಬ್ರಿಜ್ ಪುರಾತತ್ವ ಘಟಕ ದೊಡ್ಡ ಅಗೆತಕ್ಕೆ ಇಳಿಯಿತು. ಹತ್ತು ತಿಂಗಳು, 11 ಲಕ್ಷ ಪೌಂಡ್. ಸರ್ಕಾರದ ಪರಂಪರೆ ಸಂಸ್ಥೆಯೂ ಇಟ್ಟಿಗೆ ಕಂಪನಿಯೂ ಸೇರಿ ಕೊಟ್ಟದ್ದು. ರೂಪಾಯಿಯಲ್ಲಿ ಹೆಚ್ಚುಕಡಿಮೆ ಹನ್ನೊಂದು ಕೋಟಿ.

ಕ್ರಿಸ್ತಪೂರ್ವ 850ರ ಸುಮಾರಿಗೆ ಹೊಳೆಯ ಮೇಲೆ ಕಂಬ ನೆಟ್ಟು ಕೆಲವು ದುಂಡನೆಯ ಮನೆಗಳನ್ನು ಕಟ್ಟಿದ್ದರು. ಐವತ್ತು ಅರವತ್ತು ಜನ ಇದ್ದಿರಬಹುದು. ಬೆಂಕಿ ಬಿತ್ತು. ಉರಿಯುತ್ತಿದ್ದ ಮನೆಗಳು ಸಾಮಾನಿನ ಸಮೇತ ಹೊಳೆಗೆ ಕುಸಿದವು. ನೀರು ಆರಿಸಿತು, ಹೂಳು ಮುಚ್ಚಿತು. ಕಂಬಗಳ ಮರ ಇನ್ನೂ ಹಸಿಯಾಗಿತ್ತು, ಹುಳ ಹಿಡಿದಿರಲಿಲ್ಲ. ಕುರಿಮರಿಗಳ ಮೂಳೆ ನೋಡಿದರೆ ಬೇಸಿಗೆಯ ಕೊನೆ, ಇಲ್ಲವೇ ಅದರ ಮುಂದಿನ ತಿಂಗಳುಗಳು. ಎಲ್ಲ ಕೂಡಿಸಿ ನೋಡಿದಾಗ ಊರಿಗೆ ಒಂದು ವರ್ಷವೂ ತುಂಬಿರಲಿಲ್ಲ. ಒಂದು ವರ್ಷ ಬಾಳದ ಮನೆಗಳು 2,800 ವರ್ಷ ಉಳಿದವು.

ಉಳಿದದ್ದಾದರೂ ಏನೇನು! ಮರದ ಸಾಮಾನು ಸುಮಾರು 200. ನಾರು ಮತ್ತು ನೇಯ್ಗೆಯ ತುಣುಕು 150ಕ್ಕೂ ಹೆಚ್ಚು. 128 ಮಡಕೆ. ಲೋಹದ ವಸ್ತು 90ಕ್ಕೂ ಮಿಕ್ಕಿ: ಕೊಡಲಿ, ಕುಡುಗೋಲು, ಉಳಿ, ಕ್ಷೌರದ ಕತ್ತಿ. ಇರಾನಿನಷ್ಟು ದೂರದಿಂದ ಕೈ ದಾಟಿ ದಾಟಿ ಬಂದ ಗಾಜಿನ ಮಣಿಗಳು. ಒಂದು ಮೀಟರ್ ಅಡ್ಡಳತೆಯ ಮರದ ಚಕ್ರ. ಕೂದಲಿನಷ್ಟು ಸಣ್ಣ ನೂಲಿನ ಉಂಡೆ. ಒಂದು ಬಟ್ಟಲಲ್ಲಿ ಗೋಧಿಯ ಗಂಜಿ ಹಾಗೆಯೇ ಇತ್ತು, ಅದಕ್ಕೆ ಸೇರಿಸಿದ ಪ್ರಾಣಿಕೊಬ್ಬು ಸಮೇತ. ಕಲಕುತ್ತಿದ್ದ ಮರದ ಸೌಟು ಅದರಲ್ಲೇ. ಅಡುಗೆ ನಡುವೆ ಬಿಟ್ಟು ಓಡಿದ್ದರು. ಅರಮನೆಗಳು ಉಳಿಯುತ್ತವೆ, ಗೋರಿಗಳು ಉಳಿಯುತ್ತವೆ. ಸಾಮಾನ್ಯ ಮನೆಯೊಂದರ ಅಡುಗೆಮನೆ ಅದು ಇದ್ದ ಸ್ಥಿತಿಯಲ್ಲೇ ಉಳಿಯುವುದು ಸಾವಿರಕ್ಕೊಂದೂ ಅಲ್ಲ. ಇದನ್ನೆಲ್ಲ ವಿವರಿಸುವ ಎರಡು ಸಂಪುಟ 2024ರಲ್ಲಿ ಬಂದವು.

ಇದು ಊರಿನ ಅರ್ಧ ಮಾತ್ರ. ಇನ್ನರ್ಧ ಇಪ್ಪತ್ತನೆಯ ಶತಮಾನದಲ್ಲೇ, ಯಾರೂ ನೋಡದೆ, ಇಟ್ಟಿಗೆಗೂಡಿಗೆ ಹೋಗಿರಬೇಕು ಎನ್ನುತ್ತಾರೆ ಅಗೆದವರು. ಇನ್ನೊಂದು ಒಲೆ, ಇನ್ನೊಂದು ಗಂಜಿಯ ಬಟ್ಟಲು ಇಂಗ್ಲೆಂಡಿನ ಯಾವುದೋ ಮನೆಯ ಗೋಡೆಯಲ್ಲಿ ಸುಟ್ಟ ಇಟ್ಟಿಗೆಯಾಗಿ ಕುಳಿತಿದೆ.

ನಮ್ಮ ಕಡೆಗೆ ತಿರುಗಿದರೆ ಸಂಖ್ಯೆಗಳು ಇನ್ನೂ ಹಿಂದಕ್ಕೆ ಹೋಗುತ್ತವೆ. ಯಾದಗಿರಿ ಜಿಲ್ಲೆಯ ಹುಣಸಗಿ ಕಣಿವೆಯ ಇಸಾಂಪುರದಲ್ಲಿ ಕಾಲುವೆ ಕೆಲಸಕ್ಕೆಂದು ಮೇಲಿನ ಮಣ್ಣು ತೆಗೆದಾಗ ಕೆಳಗೆ ಸುಣ್ಣಕಲ್ಲಿನ ಚಪ್ಪಡಿಗಳೂ ಕೆತ್ತಿದ ಆಯುಧಗಳೂ ಬಯಲಾಗಿದ್ದವು. ಕೆ. ಪದ್ದಯ್ಯ 1983ರಲ್ಲಿ ಅದನ್ನು ಗುರುತಿಸಿದರು, 1990ರ ದಶಕದ ಕೊನೆಯಲ್ಲಿ ಅಗೆದರು. ಪ್ರಾಣಿಗಳ ಹಲ್ಲಿನಿಂದ ಬಂದ ಕಾಲನಿರ್ಣಯ ಸುಮಾರು 12 ಲಕ್ಷ ವರ್ಷ. ಬಾಕ್ಸ್‌ಗ್ರೋವ್‌ನ ಎರಡು ಪಟ್ಟಿಗೂ ಹೆಚ್ಚು. ತಮಾಷೆ ಎಂದರೆ ಇಸಾಂಪುರವೂ ಒಂದು ಕ್ವಾರಿಯೇ. ಆದಿಮಾನವ ಚಪ್ಪಡಿ ಎಬ್ಬಿಸಿ ಕೊಡಲಿ ಮಾಡುತ್ತಿದ್ದ ಜಾಗ. ಬಳ್ಳಾರಿ ಪಕ್ಕದ ಸಂಗನಕಲ್ಲು, ಕುಪ್ಗಲ್ ಗುಡ್ಡಗಳದೂ ಅದೇ ಕಥೆ. ನವಶಿಲಾಯುಗದ ಜನ ಅಲ್ಲಿನ ಕಪ್ಪು ಡಾಲರೈಟ್ ಕಲ್ಲಿನಿಂದ ಕೊಡಲಿ ಮಾಡುತ್ತಿದ್ದರು, ಬಂಡೆಗಳ ಮೇಲೆ ದನಗಳ ಚಿತ್ರ ಕುಟ್ಟಿದ್ದರು. ತಟ್ಟಿದರೆ ಘಂಟೆಯ ಹಾಗೆ ದನಿಗೊಡುವ ಬಂಡೆಗಳೂ ಅಲ್ಲಿವೆ. ಅವುಗಳ ಬಗ್ಗೆ ನಿಕೋಲ್ ಬೋವಿನ್ 2004ರಲ್ಲಿ ಬರೆದಾಗ ಕಲ್ಲುಗಣಿಗಾರಿಕೆ ಆ ಗುಡ್ಡವನ್ನು ತಿನ್ನುತ್ತಿರುವುದನ್ನೂ ಬರೆಯಬೇಕಾಯಿತು.

ನಮ್ಮ ಕಾನೂನು ಪಟ್ಟಿಯಲ್ಲಿರುವ ಸ್ಮಾರಕವನ್ನು ಕಾಯುತ್ತದೆ: ಕೇಂದ್ರದ ರಕ್ಷಣೆ ಇರುವ ಕಡೆ ಸುತ್ತ 100 ಮೀಟರ್ ನಿಷೇಧ, ಆಮೇಲಿನ 200 ಮೀಟರ್ ನಿಯಂತ್ರಣ. ಗುಡಿ, ಕೋಟೆ, ಶಾಸನಕ್ಕೆ ಇದು ಸರಿ. ಮಲಪ್ರಭೆಯ ದಂಡೆಯ ಗರಸಿನಲ್ಲಿ, ಘಟಪ್ರಭೆಯ ಗಟ್ಟಿಯಾದ ಜಲ್ಲಿಯಲ್ಲಿ ಹುದುಗಿದ ಕೈಗೊಡಲಿಗೆ ಗೋಪುರವಿಲ್ಲ, ಪಟ್ಟಿಯಲ್ಲಿ ಹೆಸರಿಲ್ಲ. ಅದು ಇದೆ ಎಂದು ಗೊತ್ತಾಗುವುದೇ ಗುಂಡಿ ತೋಡಿದ ಮೇಲೆ. ತೋಡಿದ ದಿನವೇ ಅದು ಲಾರಿಯಲ್ಲಿರುತ್ತದೆ. ಕ್ವಾರಿಗೆ ಪರವಾನಗಿ ಕೊಡುವ ಮುನ್ನ ಒಬ್ಬ ಪುರಾತತ್ವಜ್ಞ ಆ ನೆಲದಲ್ಲಿ ನಾಲ್ಕು ದಿನ ನಡೆದು ವರದಿ ಬರೆಯಬೇಕು ಎಂಬ ಒಂದು ನಿಯಮವನ್ನು ರಾಜ್ಯ ಸರ್ಕಾರ ಮಾಡಿದರೆ ಯಾವ ಗುತ್ತಿಗೆದಾರನೂ ಮುಳುಗಿಹೋಗುವುದಿಲ್ಲ.

ಅಲ್ಲಿಯವರೆಗೆ ಓದುಗರಲ್ಲಿ ಒಂದು ವಿನಂತಿ. ನದಿದಂಡೆಯಲ್ಲೋ ಗರಸಿನ ಗುಂಡಿಯಲ್ಲೋ ಎರಡೂ ಮೈ ಕೆತ್ತಿ ಚೂಪು ಮಾಡಿದ ಕಲ್ಲು, ಬೂದಿಯ ಪದರ, ಮಡಕೆಚೂರಿನ ಸಾಲು ಕಂಡರೆ ಕೀಳಬೇಡಿ. ಪಕ್ಕದಲ್ಲಿ ಒಂದು ಪೆನ್ನನ್ನೋ ಬೀಗದ ಕೈಯನ್ನೋ ಅಳತೆಗೆ ಇಟ್ಟು ಮೊಬೈಲಿನಲ್ಲಿ ಫೋಟೋ ತೆಗೆಯಿರಿ, ಎಷ್ಟು ಅಡಿ ಆಳದಲ್ಲಿದೆ ಎಂದು ಬರೆದುಕೊಳ್ಳಿ, ಊರು ಮತ್ತು ಸರ್ವೆ ನಂಬರ್ ಸಮೇತ ರಾಜ್ಯ ಪುರಾತತ್ವ ಇಲಾಖೆಗೋ ಹತ್ತಿರದ ವಿಶ್ವವಿದ್ಯಾಲಯದ ಇತಿಹಾಸ ವಿಭಾಗಕ್ಕೋ ಅದೇ ದಿನ ಕಳಿಸಿ. ಮರುದಿನಕ್ಕೆ ಬಿಡಬೇಡಿ, ಬೆಳಿಗ್ಗೆ ಆರಕ್ಕೆ ಟಿಪ್ಪರ್ ಬರುತ್ತದೆ.